ಖಮ್ಸೀನ್ ಗೇಮಿನೊಳಗೆ ಮಹ್ರೂಸ್

ಈದ್ ಹಬ್ಬದ ಬೆಳಿಗ್ಗೆ ಫಿಕ್ರಿ ತನ್ನ ಗೇಮ್ ಅಂಗಡಿಯ ಷಟರನ್ನು ಮೊಣಕಾಲೆತ್ತರಕ್ಕೆ ಎತ್ತಿದ್ದನೋ ಇಲ್ಲವೋ, ಓಣಿಯ ಹುಡುಗರು ಅದರಡಿ ನುಸುಳಿ ಒಳಗೆ ಬಂದುಬಿಟ್ಟರು. ಹೊಸ ಬಟ್ಟೆಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ತುಟಿಯ ಸುತ್ತ ಕಹ್ಕ್ ಬಿಸ್ಕತ್ತಿನ ಸಕ್ಕರೆ ಪುಡಿ. ಕೈರೋದ ಇಂಬಾಬಾ ಬಡಾವಣೆಗೆ ಬಡಾವಣೆಯೇ ಹಬ್ಬದ ಗದ್ದಲದಲ್ಲಿತ್ತು. ಮೂಲೆಯಲ್ಲಿ ಪಟಾಕಿ, ಟುಕ್‌ಟುಕ್‌ಗಳ ಸ್ಪೀಕರಿನಿಂದ ಕಿವಿ ಹರಿಯುವ ಹಾಡು, ಬಾಲ್ಕನಿಯಿಂದ ಬಾಲ್ಕನಿಗೆ ಹೆಂಗಸರ ಹಾರೈಕೆ. ಬೇರೆ ಹಬ್ಬವಾಗಿದ್ದರೆ ಈ ಹೊತ್ತಿಗೆ ಹುಡುಗರು ಫುಟ್ಬಾಲ್ ಗೇಮಿಗೆ ಕಿತ್ತಾಡುತ್ತಿದ್ದರು. ಇವತ್ತು ಎಲ್ಲರಿಗೂ ಬೇಕಾಗಿದ್ದದ್ದು ಒಂದೇ.

"ಖಮ್ಸೀನ್ ಹಾಕಣ್ಣ!"

"ಮಹ್ರೂಸಣ್ಣನ್ನ ತೋರಿಸು!"

'ಖಮ್ಸೀನ್' ಸಿನಿಮಾ ಅವತ್ತೇ ಊರಿನ ಥಿಯೇಟರುಗಳಿಗೆ ಬಂದಿತ್ತು. ಮರುಭೂಮಿಯಿಂದ ಬೀಸುವ ಬಿಸಿ ಧೂಳುಗಾಳಿಯೇ ಮನುಷ್ಯನಾಗಿ ಬಂದು ಕೈರೋದ ರೌಡಿಗಳನ್ನು ಸದೆಬಡಿಯುವ ಕಥೆ. ಸಿನಿಮಾದ ಜೊತೆಗೇ ಅದರ ಗೇಮೂ ಬಂದಿತ್ತು. ಸಿನಿಮಾದಲ್ಲಿ ಸೇತುವೆಯ ಮೇಲಿಂದ ಹಾರುವವನು, ಗಾಜು ಒಡೆದುಕೊಂಡು ಬರುವವನು, ಲಾರಿಯ ಮೇಲಿಂದ ಉರುಳುವವನು ಪೋಸ್ಟರಿನಲ್ಲಿ ಹಲ್ಲು ಕಿರಿಯುವ ಆ ಹೀರೋ ಅಲ್ಲ, ಅವನ ಡೂಪ್. ಅಂದರೆ ಫಿಕ್ರಿಯ ಅಣ್ಣ ಮಹ್ರೂಸ್. ಇದು ಓಣಿಗೆಲ್ಲ ಗೊತ್ತಿತ್ತು. ಆದರೆ ಡೂಪಿನ ಮುಖ ತೆರೆಯ ಮೇಲೆ ಕಂಡರೆ ಅವನ ಕೆಲಸ ಕೆಟ್ಟಿತೆಂದೇ ಲೆಕ್ಕ. ಇಪ್ಪತ್ತು ವರ್ಷ ಮಹ್ರೂಸ್ ಮುಖ ತೋರಿಸದೆ ಬದುಕಿದ್ದ.

ಗೇಮಿನ ಕಥೆ ಬೇರೆ. ಗೇಮ್ ಕಂಪನಿಯವರು ಮಹ್ರೂಸನನ್ನು ಕರೆಸಿ, ಬಿಗಿಯಾದ ಕರಿ ಬಟ್ಟೆ ತೊಡಿಸಿ, ಮೈತುಂಬ ಬಿಳಿ ಗುಂಡುಗಳನ್ನು ಅಂಟಿಸಿ, ಸುತ್ತಲೂ ಕ್ಯಾಮೆರಾ ಇಟ್ಟು ಅವನ ಒಂದೊಂದು ಅಲುಗಾಟವನ್ನೂ ಹಿಡಿದುಕೊಂಡಿದ್ದರು. ಮಹ್ರೂಸ್ ಮನೆಗೆ ಬಂದು ಹೇಳಿದ್ದ: "ಸಿನಿಮಾದಲ್ಲಿ ನಾನು ಕಾಣಲ್ಲ ಕಣೋ. ಗೇಮಲ್ಲಿ ಮೈ ಪೂರ್ತಿ ನಾನೇ. ಅವನ ಮುಖ ತಂದು ಮೇಲೆ ಅಂಟಿಸ್ತಾರೆ, ಅಷ್ಟೆ."

ಅದಾದ ಮೇಲೆ ಸಿನಿಮಾದ ಕೊನೆಯ ಷೂಟಿಂಗಿನಲ್ಲಿ ಸೊಂಟಕ್ಕೆ ಕಟ್ಟಿದ್ದ ತಂತಿ ಕಳಚಿತು. ಮಹ್ರೂಸ್ ಬಿದ್ದ. ಬೀಳುವುದನ್ನೇ ಕಸುಬು ಮಾಡಿಕೊಂಡವನು ಆ ಒಂದು ಸಲ ಹೇಗೆ ಬೀಳಬೇಕೋ ಹಾಗೆ ಬೀಳಲಾಗಲಿಲ್ಲ. ಬೆನ್ನು ಹೋಯಿತು. ಈಗ ಎರಡು ಕಂಕುಳಿಗೂ ಊರುಗೋಲು. ಸಿನಿಮಾದವರು ಆಸ್ಪತ್ರೆಗೆ ಒಮ್ಮೆ ಬಂದು ಹಣ್ಣಿನ ಬುಟ್ಟಿ ಇಟ್ಟು ಹೋದರು. ಆಮೇಲೆ ಫೋನ್ ಎತ್ತುವುದನ್ನೂ ಬಿಟ್ಟರು. ಆ ಬುಟ್ಟಿ ನೆನಪಾದಾಗಲೆಲ್ಲ ಫಿಕ್ರಿಗೆ ಯಾರ ತಲೆಯ ಮೇಲಾದರೂ ಅದನ್ನು ಒಡೆಯಬೇಕೆನ್ನಿಸುತ್ತಿತ್ತು.

ಮಹ್ರೂಸನಿಗೆ ಉಳಿದದ್ದು ಆ ಗೇಮ್ ಒಂದೇ. ರಮ್ಜಾನಿನ ತಿಂಗಳಿಡೀ, ಉಪವಾಸ ಬಿಟ್ಟ ಮೇಲೆ ಕಾಫಿ ಅಂಗಡಿಯಲ್ಲಿ ಅದರದ್ದೇ ಮಾತು. ಎದುರಿನ ಕ್ಷೌರದಂಗಡಿಯ ಶಿಹಾತಾನ ನಾಲಿಗೆ ಅವನ ಕತ್ತಿಗಿಂತ ಹರಿತ. ಅವನು ಬಿಡುತ್ತಿರಲಿಲ್ಲ. "ಮಹ್ರೂಸ್ ಹೀರೋ ಅಂತೆ! ಹಂಗಾದ್ರೆ ನಾನು ಫರೋ ಕಣ್ರಯ್ಯ, ಪಿರಮಿಡ್ಡಲ್ಲಿ ಸೆಕೆ ಅಂತ ಇಲ್ಲಿ ಕೂತಿದೀನಿ." ಎಲ್ಲರೂ ನಗುತ್ತಿದ್ದರು. ಕಡೆಗೊಂದು ದಿನ ಮಹ್ರೂಸ್ ಊರುಗೋಲನ್ನು ನೆಲಕ್ಕೆ ಕುಟ್ಟಿ ತುಂಬಿದ ಜನರ ಮುಂದೆ ಹೇಳಿಬಿಟ್ಟ: "ಈದ್ ದಿನ ನನ್ನ ತಮ್ಮನ ಅಂಗಡಿಗೆ ಬನ್ನಿ. ಆ ಗೇಮಲ್ಲಿ ನನ್ನ ಮೈ ಇಲ್ಲದೆ ಹೋದ್ರೆ ಈ ಓಣೀಲಿ ನಾನು ಮತ್ತೆ ಬಾಯಿ ತೆಗೆಯಲ್ಲ."

ಬೆನ್ನು ಹೋದವನು ಮಾತನ್ನೂ ಪಣಕ್ಕಿಟ್ಟಿದ್ದ.

ಹಬ್ಬಕ್ಕೆ ಹೆಂಡತಿಯ ತವರಿಗೆ ಹೋಗಿದ್ದ ಮಹ್ರೂಸ್ ಮಧ್ಯಾಹ್ನದ ಹೊತ್ತಿಗೆ ಬರುವವನಿದ್ದ. ಅಣ್ಣ ಬಂದಾಗ ಕೈ ತಡವರಿಸಬಾರದು, ಅಷ್ಟರಲ್ಲಿ ಆಟದ ಮರ್ಮ ಹಿಡಿದಿರಬೇಕು ಎಂದು ಫಿಕ್ರಿ ಡಿಸ್ಕ್ ಹಾಕಿದ.

ಮೊದಲು ತುತ್ತೂರಿಯ ಸಂಗೀತ ಬಂತು. ಆಮೇಲೆ ಪರದೆ ಕಂದುಬಣ್ಣಕ್ಕೆ ತಿರುಗಿ ಹಾಗೇ ನಿಂತಿತು.

"ಕೆಟ್ಟೋಯ್ತಾ?" ಎಂದ ಹಿಂದಿನಿಂದ ಒಬ್ಬ.

"ಇಲ್ಲ ಕಣೋ, ಧೂಳು ಅದು. ಅಲ್ನೋಡು, ಅಲ್ಲೊಬ್ಬ ನಿಂತಿದಾನೆ."

ಧೂಳಿನ ನಡುವೆ ಒಂದು ಮಾಳಿಗೆಯ ಮೇಲೆ ಖಮ್ಸೀನ್ ನಿಂತಿದ್ದ. ಬೂದು ಮೇಲಂಗಿ, ಕಣ್ಣಿನ ಸುತ್ತ ಮುಖವಾಡದ ಪಟ್ಟಿ, ಕೆಳಗೆ ಹೀರೋನ ಗದ್ದ. ಫಿಕ್ರಿ ಅವನನ್ನು ನಡೆಸಿದ. ಷರಾಯಿಯೊಳಗೆ ಹಲಗೆ ಕಟ್ಟಿಕೊಂಡವನ ಹಾಗೆ ಖಮ್ಸೀನ್ ನಡೆದ. ಹಾರಿಸಿದ. ಹಾರಿದವನು ಕಣ್ಣಿಗೆ ಕಾಣದ ಯಾವುದೋ ಗೋಡೆಗೆ ತಲೆ ತಾಗಿಸಿಕೊಂಡು ಗಾಳಿಯಲ್ಲೇ ಕೈಕಾಲು ಆಡಿಸುತ್ತ ನಿಂತ. ಎಲ್ಲಿಗೆ ಹೋದರೂ ಧೂಳು. ಮನೆಗಳು ಮೂಗಿಗೆ ತಾಗುವಷ್ಟು ಹತ್ತಿರ ಬಂದ ಮೇಲೇ ದಿಢೀರೆಂದು ಎದ್ದು ನಿಲ್ಲುತ್ತಿದ್ದವು. ಊರು ಕಟ್ಟುವುದಕ್ಕೆ ಸೋಮಾರಿತನ ಬಂದವರು ಊರಿನ ಮೇಲೆ ಧೂಳು ಸುರಿದು ಕೈತೊಳೆದುಕೊಂಡಿದ್ದರು. ರಸ್ತೆಯಲ್ಲಿ ಒಬ್ಬಳೇ ಹೆಂಗಸು, ಅದೇ ಹೆಂಗಸು, ಅದೇ ಕೈಚೀಲ ಹಿಡಿದು ಪ್ರತಿ ತಿರುವಿನಲ್ಲೂ ಬರುತ್ತಿದ್ದಳು. ನೈಲ್ ನದಿಯ ಮೇಲೆ ಕಾಲಿಟ್ಟರೆ ಮುಳುಗಲಿಲ್ಲ, ಖಮ್ಸೀನ್ ಟಪಟಪನೆ ಅದರ ಮೇಲೇ ನಡೆದು ಹೋದ.

"ಲೋ, ನೈಲ್‌ಗೆ ಟೈಲ್ಸ್ ಹಾಕ್ಸಿದಾರೆ!"

"ಕೈರೋ ಎಲ್ಲಪ್ಪಾ ಇದ್ರಲ್ಲಿ?"

"ಧೂಳೊಂದು ನಮ್ಮೂರದ್ದೇ. ಉಳಿದಿದ್ದು ಅವರಪ್ಪನ ಊರದ್ದು."

ನಗು ಎದ್ದಿತು. ಫಿಕ್ರಿ ನಗಲಿಲ್ಲ. ಗೇಮ್ ಹಾಳಾಗಿ ಹೋಗಲಿ, ಅವನು ಹುಡುಕುತ್ತಿದ್ದದ್ದು ನಡಿಗೆಯನ್ನು. ಅಣ್ಣನ ನಡಿಗೆ ಅವನಿಗೆ ಕತ್ತಲಲ್ಲೂ ಗೊತ್ತು. ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದ ಹಾಗೆ, ಎಡಭುಜ ಒಂದಿಷ್ಟು ಇಳಿಬಿಟ್ಟು, ಈಗ ನೆಗೆದಾನೇನೋ ಎಂಬ ಹಾಗೆ ಬರುತ್ತಿದ್ದ. ಈ ಮರದ ಗೊಂಬೆಯಲ್ಲಿ ಅದರ ಸುಳಿವೂ ಇರಲಿಲ್ಲ. ಫಿಕ್ರಿ ಓಡಿಸಿದ, ಬಗ್ಗಿಸಿದ, ತಿರುಗಿಸಿದ. ಎಲ್ಲೂ ಇಲ್ಲ.

ಗಿರಾಕಿಯ ಟವಲನ್ನು ಹೆಗಲ ಮೇಲೆ ಹಾಕಿಕೊಂಡೇ ಶಿಹಾತಾ ಬಂದು ಬಾಗಿಲಿಗೆ ಒರಗಿದ.

"ಹಬ್ಬದ ಶುಭಾಶಯ ಫಿಕ್ರಿ ಸಾಹೇಬ್ರೆ. ಇದೇನಾ ನಿಮ್ಮಣ್ಣನ ಮೈ?"

"ಈಗ ತಾನೆ ಶುರುವಾಗಿದೆ. ತೆಪ್ಪಗಿರು."

"ಅಲ್ಲಪ್ಪ, ಊರುಗೋಲು ಹಿಡ್ಕೊಂಡೇ ಮಹ್ರೂಸ್ ಇದಕ್ಕಿಂತ ಚೆನ್ನಾಗಿ ನಡೀತಾನಲ್ಲ. ಇದು ನಮ್ಮ ಮಾವ ಮೂಲವ್ಯಾಧಿ ಆಪರೇಷನ್ ಆದಾಗ ನಡೀತಿದ್ದ ಹಂಗಿದೆ."

ಅಂಗಡಿಗೆ ಅಂಗಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫಿಕ್ರಿಯ ಕಿವಿ ಕಾದವು. ಅಷ್ಟರಲ್ಲಿ ಧೂಳಿನೊಳಗಿಂದ ಚರ್ಮದ ಜಾಕೆಟ್ಟಿನ ರೌಡಿಗಳು ಬಂದರು. ಆ ಸಿಟ್ಟನ್ನೆಲ್ಲ ಹೆಬ್ಬೆರಳಿಗೆ ತಂದುಕೊಂಡು ಫಿಕ್ರಿ ಗುಂಡಿ ಒತ್ತಿದ. ಖಮ್ಸೀನ್ ಗುದ್ದಿದ. ರೌಡಿ ಬಿದ್ದ.

ಗದ್ದ ಎದೆಗೆ ಒತ್ತಿಕೊಂಡಿತು. ಮೈ ಅರ್ಧ ಸುತ್ತು ತಿರುಗಿತು. ಬಲ ಅಂಗೈ ಮೊದಲು ನೆಲಕ್ಕೆ ಬಡಿಯಿತು, ಭುಜ ಆಮೇಲೆ ಬಂತು, ಎಡ ಮೊಣಕಾಲು ಒಳಗೆ ಮಡಚಿಕೊಂಡಿತು. ತಲೆ ನೆಲ ಮುಟ್ಟಲೇ ಇಲ್ಲ.

ಫಿಕ್ರಿ ಗುಂಡಿಯಿಂದ ಬೆರಳು ತೆಗೆದ.

ಈ ಬೀಳುವಿಕೆಯನ್ನು ಅವನು ಕಲಿತಿದ್ದ. ಚಿಕ್ಕಂದಿನಲ್ಲಿ ಮನೆಯ ಮಾಳಿಗೆಯ ಮೇಲೆ, ಪಾರಿವಾಳದ ಗೂಡುಗಳ ಪಕ್ಕ, ಹಳೆಯ ಹಾಸಿಗೆ ಹಾಸಿ ಮಹ್ರೂಸ್ ಅವನನ್ನು ಮತ್ತೆ ಮತ್ತೆ ಬೀಳಿಸುತ್ತಿದ್ದ. "ಕೈ ಮೊದಲು. ಭುಜ ಆಮೇಲೆ. ತಲೆ ಯಾವತ್ತೂ ಇಲ್ಲ." ಎಡ ಮೊಣಕಾಲನ್ನು ಒಳಗೆ ಮಡಚುವುದು ಮಾತ್ರ ಮಹ್ರೂಸನದ್ದೇ ಚಾಳಿ. ಬೇರೆ ಡೂಪ್‌ಗಳು ಹಾಗೆ ಮಾಡುವುದಿಲ್ಲ.

ಇನ್ನೊಬ್ಬ ರೌಡಿ ಬಂದ. ಫಿಕ್ರಿ ಹೊಡೆದ. ಇವನು ಹಿಮ್ಮುಖವಾಗಿ ಉರುಳಿದ, ಮೊಣಕಾಲು ಮಡಚಿಕೊಂಡಿತು. ಮತ್ತೊಬ್ಬ. ಒದೆ ತಿಂದು ಹಾರಿ ಕಾರಿನ ಬಾನೆಟ್ಟಿನ ಮೇಲೆ ಬಿದ್ದ, ಅಂಗೈ ಮೊದಲು ಬಡಿಯಿತು. ಡೊಳ್ಳುಹೊಟ್ಟೆಯವನು, ಬೋಳುತಲೆಯವನು, ಗಡ್ಡದವನು, ಎಲ್ಲರೂ ಮಹ್ರೂಸನ ಹಾಗೇ ಬಿದ್ದರು. ಆ ಗೇಮಿನಲ್ಲಿ ಜೀವವಿದ್ದದ್ದು ಅಷ್ಟೇ. ಹೊಡೆಯುವವನು ಯಾರೋ ಕಂಪ್ಯೂಟರಿನ ಮುಂದೆ ಕೂತು ಆಡಿಸಿದ ಗೊಂಬೆ. ಏಟು ತಿನ್ನುವವರೆಲ್ಲ ಅವನ ಅಣ್ಣ.

ಫಿಕ್ರಿಗೆ ಆಗ ಎಲ್ಲ ಅರ್ಥವಾಯಿತು. ಗೇಮ್ ಕಂಪನಿಗೆ ಹೋಗುತ್ತಿದ್ದ ದಿನಗಳಲ್ಲಿ ಮಹ್ರೂಸ್ ಮೈತುಂಬ ನೀಲಿಗಟ್ಟಿಸಿಕೊಂಡು ಬಂದು ಖುಷಿಯಿಂದ ಹೇಳುತ್ತಿದ್ದ: "ಇವತ್ತು ಪೂರ್ತಿ ಬೀಳಿಸಿದ್ರು ಕಣೋ. ಎದೆಗೆ ಏಟು ಬಿದ್ದಂಗೆ ಬೀಳು, ಗದ್ದಕ್ಕೆ ಬಿದ್ದಂಗೆ ಬೀಳು ಅಂತ." ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು, ಹೀರೋ ಯಾಕಪ್ಪ ಇಷ್ಟು ಸಲ ಬೀಳುತ್ತಾನೆ ಎಂದು. ಮಹ್ರೂಸನಿಗೆ ಆ ಪ್ರಶ್ನೆಯೇ ಹುಟ್ಟಲಿಲ್ಲ. ಹೇಗೆ ಹುಟ್ಟೀತು? ಸೆಟ್ಟಿನಲ್ಲಿ ಹೀರೋ ಮಾತಾಡುತ್ತಾನೆ, ಕಣ್ಣು ಹೊಡೆಯುತ್ತಾನೆ, ಹುಡುಗಿಯ ಕೈ ಹಿಡಿಯುತ್ತಾನೆ. ಬೀಳುವ ಹೊತ್ತು ಬಂದಾಗ ಮಾತ್ರ "ಎಲ್ಲಿ ಮಹ್ರೂಸ್?" ಎಂದು ಕೂಗುತ್ತಾರೆ. ಇಪ್ಪತ್ತು ವರ್ಷ ಅವನಿಗೆ ಹೀರೋ ಆಗುವುದೆಂದರೆ ಬೀಳುವುದೇ. ಬೀಳು ಎಂದ ಕೂಡಲೇ ಅದು ಹೀರೋನ ಪಾಲಿನದ್ದೆಂದು ಅವನು ಎರಡು ಮಾತಿಲ್ಲದೆ ನಂಬಿದ. ಡೂಪ್ ಅಲ್ಲದವನು ಈ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ. ಕಂಪನಿಯವರು ತಿದ್ದಲೂ ಇಲ್ಲ. ತಿದ್ದಿದರೆ ಅಷ್ಟು ಚೆನ್ನಾಗಿ ಬೀಳುತ್ತಿದ್ದನೇ?

"ಯಾಕೋ ನಿಂತುಬಿಟ್ಟೆ? ಹೊಡಿ!"

ಬೀಳುತ್ತಿರುವವನು ಮಹ್ರೂಸನೆಂದು ಬೇರೆ ಯಾರಿಗೂ ಗೊತ್ತಾಗಿರಲಿಲ್ಲ. ಫಿಕ್ರಿ ಎದ್ದವನೇ ಮೂಲೆಗೆ ಹೋಗಿ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದ. ಅಂಗಡಿ ಕತ್ತಲಾಯಿತು.

"ಕರೆಂಟ್ ಹೋಯ್ತು. ನಡೀರಿ ಎಲ್ಲ. ಸಂಜೆ ಬನ್ನಿ."

"ಹೌದಾ?" ಶಿಹಾತಾ ಓಣಿಯಾಚೆಗೆ ಕತ್ತು ಹೊರಳಿಸಿದ. "ನನ್ನ ಅಂಗಡಿ ಫ್ಯಾನು ತಿರುಗ್ತಾನೇ ಇದೆಯಲ್ಲಪ್ಪ. ನಿನ್ನ ಕರೆಂಟು ನಿನಗೊಬ್ಬನಿಗೇ ಹೇಳಿ ಹೋಯ್ತಾ?"

"ಶಿಹಾತಾ, ಹಬ್ಬದ ದಿನ ನನ್ನ ಕೈಲಿ ಏಟು ತಿನ್ನಬೇಡ."

"ಅಯ್ಯೋ, ನಾನೇನಂದೆ? ನಿಮ್ಮಣ್ಣ ಗೇಮಲ್ಲಿ ಇಲ್ಲ ಅಂತ ಗೊತ್ತಾಯ್ತು, ದೀಪ ಆರಿಸ್ದೆ. ಇರಲಿ ಬಿಡು. ಮಹ್ರೂಸ್‌ಗೆ ನಾನೇ ಸಮಾಧಾನವಾಗಿ ಹೇಳ್ತೀನಿ."

ಫಿಕ್ರಿ ಅವನ ಕೊರಳಪಟ್ಟಿಗೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಟುಕ್‌ಟುಕ್ ನಿಂತಿತು. ಮೊದಲು ಎರಡು ಊರುಗೋಲು ಹೊರಗೆ ಬಂದವು, ಹಿಂದೆಯೇ ಮಹ್ರೂಸ್. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸದಾಗಿ ಬೋಳಿಸಿದ ಗಲ್ಲ. ಮದುವೆಗೆ ಬಂದ ಹಾಗೆ ಬಂದಿದ್ದ. ಹುಡುಗರು ದಾರಿ ಬಿಟ್ಟರು. ಅವನ ಹಿಂದೆ ಕಾಫಿ ಅಂಗಡಿಯ ಗಿರಾಕಿಗಳೂ ಕುರ್ಚಿ ಎತ್ತಿಕೊಂಡು ಬಂದು ಬಾಗಿಲ ತುಂಬ ಕೂತರು.

"ಕತ್ತಲಲ್ಲಿ ಏನ್ರೋ ಮಾಡ್ತಿದೀರ?" ಮಹ್ರೂಸ್ ಮುಂದಿನ ಕುರ್ಚಿಯಲ್ಲಿ ಕುಸಿದು ಕೂತು ಊರುಗೋಲುಗಳನ್ನು ಪಕ್ಕಕ್ಕಿಟ್ಟ. "ನಾನಿಲ್ಲದೆ ಶುರು ಮಾಡಿದ್ರಾ?"

"ಡಿಸ್ಕ್ ಕೆಟ್ಟಿದೆ ಅಣ್ಣ," ಎಂದ ಫಿಕ್ರಿ. "ಬದಲಾಯಿಸ್ಕೊಂಡು ಬರ್ತೀನಿ. ನಾಳೆ ನೋಡೋಣ."

"ಇಷ್ಟು ಜನ ಬಂದು ಕೂತಿದಾರೆ. ನಾಳೆ ಅಂದ್ರೆ ಏನಂದ್ಕೋತಾರೆ?" ಮಹ್ರೂಸ್ ನಗುತ್ತಲೇ ಹೇಳಿದ, ಆದರೆ ಕಣ್ಣು ನಗುತ್ತಿರಲಿಲ್ಲ. "ಹಾಕು ಫಿಕ್ರಿ."

ಶಿಹಾತಾ ತಾನೇ ಹೋಗಿ ಸ್ವಿಚ್ ಮೇಲೆತ್ತಿದ.

ಮತ್ತೆ ತುತ್ತೂರಿ, ಮತ್ತೆ ಧೂಳು. ಖಮ್ಸೀನ್ ನಿಂತ. ಫಿಕ್ರಿ ಕಂಟ್ರೋಲರನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಅವನನ್ನು ನಡೆಸಿದ. ಅಣ್ಣನ ಮುಖದ ಕಡೆ ತಿರುಗುವ ಧೈರ್ಯ ಬರಲಿಲ್ಲ. ಯಾರೂ ತಮಾಷೆ ಮಾಡಲಿಲ್ಲ. ಮಹ್ರೂಸ್ ಏನು ಹೇಳುತ್ತಾನೋ ಎಂದು ಎಲ್ಲರೂ ಕಾದರು.

"ನಡಿಗೆ..." ಮಹ್ರೂಸ್ ಕೆಮ್ಮಿದ. "ನಡಿಗೆ ಕೆಡಿಸಿಬಿಟ್ಟಿದಾರೆ. ಈ ಹುಡುಗರಿಗೆ ಕಂಪ್ಯೂಟರ್ ಸರಿಯಾಗಿ ಬರಲ್ಲ. ಮೇಲಿಂದ ಹಾರಿಸು ಫಿಕ್ರಿ. ಬೀಳೋವಾಗ ನೋಡಿ ನೀವು."

ಫಿಕ್ರಿ ಖಮ್ಸೀನನನ್ನು ಮಾಳಿಗೆಯಿಂದ ಹಾರಿಸಿದ. ಖಮ್ಸೀನ್ ಗೋಧಿ ಮೂಟೆಯ ಹಾಗೆ ನೇರ ಕೆಳಗಿಳಿದು, ಎರಡು ಕಾಲ ಮೇಲೆ ನೆಟ್ಟಗೆ ನಿಂತ. ಸ್ವಲ್ಪ ಧೂಳು ಎದ್ದಿತು.

"ಇನ್ನೂ ಎತ್ತರದಿಂದ."

ಅಷ್ಟೇ. ಎಷ್ಟು ಎತ್ತರದಿಂದ ಹಾರಿದರೂ ಖಮ್ಸೀನ್ ಬೀಳುತ್ತಿರಲಿಲ್ಲ. ಅವನನ್ನು ಬೀಳದ ಹಾಗೆ ಮಾಡಿದ್ದರು.

ಹಿಂದೆ ಕುರ್ಚಿಗಳು ಕಿರುಗುಟ್ಟಿದವು. ಯಾರೋ ಗಂಟಲು ಸರಿಮಾಡಿಕೊಂಡರು. ಮಹ್ರೂಸನ ಕೈ ಊರುಗೋಲಿನ ಹಿಡಿಯನ್ನು ಹುಡುಕಿಕೊಂಡು ಹೋಯಿತು. ಕೊರಳಿನ ಬೆವರಿಗೆ ಬಿಳಿ ಅಂಗಿ ಒದ್ದೆಯಾಗತೊಡಗಿತ್ತು.

"ಇರ್ಲಿ ಬಿಡು ಮಹ್ರೂಸ್," ಎಂದ ಶಿಹಾತಾ. ಅವನ ದನಿಯಲ್ಲಿದ್ದದ್ದು ಮರುಕ. ಅದನ್ನು ಕೇಳಿ ಫಿಕ್ರಿಗೆ ಉರಿಯಿತು. "ಸಿನಿಮಾದವರ ಮಾತು ಯಾವತ್ತು ನಿಜ ಆಗಿದೆ? ನಿನಗೂ ಏನೋ ಹೇಳಿದ್ರು, ನೀನೂ ನಂಬ್ದೆ."

"ನಾನು ಸುಳ್ಳು ಹೇಳಿಲ್ಲ," ಎಂದ ಮಹ್ರೂಸ್.

"ಸುಳ್ಳು ಅಂತ ಯಾರಂದ್ರು?"

"ನಿಮ್ಮ ಮುಖಗಳು ಅಂತಿದಾವೆ."

ಅಣ್ಣ ಸುಳ್ಳು ಹೇಳಿಲ್ಲವೆಂಬುದಕ್ಕೆ ಸಾಕ್ಷಿ ಫಿಕ್ರಿಯ ಬೆರಳ ತುದಿಯಲ್ಲೇ ಇತ್ತು. ಒಂದು ಗುಂಡಿ ಒತ್ತಿದರೆ ಸಾಕು. ಒತ್ತದಿದ್ದರೆ ಮಹ್ರೂಸ್ ಓಣಿಯ ಮುಂದೆ ಬಾಯಿಬಡುಕ. ಒತ್ತಿದರೆ ಅವನ ಮಾತು ಉಳಿಯುತ್ತದೆ, ಆದರೆ ಮನುಷ್ಯ ಉಳಿಯುತ್ತಾನೆಯೇ? ಬೆನ್ನು ಹೋದ ಮೇಲೂ ಉಳಿದದ್ದೆಂದು ಅವನು ಎದೆಗವಚಿಕೊಂಡಿದ್ದ ಒಂದೇ ಒಂದನ್ನು ಎಲ್ಲರೆದುರು ಕಿತ್ತುಕೊಂಡ ಹಾಗೆ.

ಧೂಳಿನೊಳಗಿಂದ ರೌಡಿಗಳು ಬಂದರು. ಫಿಕ್ರಿ ಖಮ್ಸೀನನನ್ನು ತಿರುಗಿಸಿ ಓಡಿಸಿದ.

"ಏಯ್! ಎಲ್ಲಿಗೆ?"

"ಹೊಡೆಯೋ! ಬೆಳಿಗ್ಗೆ ಚೆನ್ನಾಗೇ ಹೊಡೀತಿದ್ದೆಯಲ್ಲ!"

ಖಮ್ಸೀನ್ ಓಡಿದ. ಸಂದಿಯಲ್ಲಿ ನುಗ್ಗಿದ, ನೈಲಿನ ಮೇಲೆ ಓಡಿದ, ಕೈಚೀಲದ ಹೆಂಗಸಿನ ಮೈಯೊಳಗಿಂದಲೇ ಹಾದುಹೋದ. ರೌಡಿಗಳು ಬೆನ್ನಟ್ಟಿದರು. ಇಡೀ ಕೈರೋವನ್ನು ಕಾಯಬೇಕಾದ ವೀರ ಬಾಲ ಮುದುರಿದ ನಾಯಿಯ ಹಾಗೆ ಓಡುತ್ತಿದ್ದ. ಹುಡುಗರು ಶಿಳ್ಳೆ ಹೊಡೆದರು, ಕಡಲೆಕಾಯಿ ಸಿಪ್ಪೆ ಎಸೆದರು. ಫಿಕ್ರಿ ಹಲ್ಲು ಕಚ್ಚಿ ಓಡಿಸುತ್ತಲೇ ಇದ್ದ. ಕಡೆಗೆ ಖಮ್ಸೀನ್ ಆ ಕಾಣದ ಗೋಡೆಗೆ ಬಂದು ತಾಗಿದ. ಮುಂದೆ ದಾರಿಯಿಲ್ಲ. ರೌಡಿಗಳು ಸುತ್ತುವರಿದರು.

"ಥೂ, ಕೊಡು ಇಲ್ಲಿ!" ಶಿಹಾತಾ ಕಂಟ್ರೋಲರನ್ನು ಕಿತ್ತುಕೊಂಡ.

"ಶಿಹಾತಾ, ಬೇಡ. ನಿನ್ನ ಕೈ ಮುಗೀತೀನಿ..."

ಶಿಹಾತಾ ಒತ್ತಿಬಿಟ್ಟಿದ್ದ. ಬೋಳುತಲೆಯ ರೌಡಿ ಬಿದ್ದ. ಅಂಗೈ, ಭುಜ, ಮಡಚಿದ ಮೊಣಕಾಲು.

"ಹಿಂಗೆ ಹೊಡೀಬೇಕು ನೋಡಿ!" ಇನ್ನೊಬ್ಬನನ್ನು ಉರುಳಿಸಿದ. ಹುಡುಗರು ಚಪ್ಪಾಳೆ ತಟ್ಟಿದರು. ಇನ್ನೊಬ್ಬ. ಇನ್ನೊಬ್ಬ.

"ನಿಲ್ಸು," ಎಂದ ಮಹ್ರೂಸ್.

ದೊಡ್ಡ ದನಿಯಲ್ಲ. ಆದರೂ ಶಿಹಾತಾನ ಬೆರಳು ನಿಂತಿತು.

ಮಹ್ರೂಸ್ ಮುಂದಕ್ಕೆ ಬಾಗಿ ಪರದೆಯನ್ನು ದಿಟ್ಟಿಸುತ್ತಿದ್ದ. ಅವನ ಬಲ ಅಂಗೈ ತಾನಾಗಿಯೇ ತೊಡೆಯ ಮೇಲೆ ಬಿಚ್ಚಿಕೊಂಡಿತ್ತು. ಫಿಕ್ರಿ ನೆಲ ನೋಡಿದ. ಹೊರಗೆ ಪಟಾಕಿ ಸಿಡಿಯಿತು.

"ಅದು ನಾನು," ಎಂದ ಮಹ್ರೂಸ್.

"ಯಾವುದು?" ಎಂದ ಶಿಹಾತಾ.

"ಬೀಳ್ತಿದಾನಲ್ಲ, ಅವನು. ಅವರೆಲ್ಲ." ತುಟಿ ಒದ್ದೆ ಮಾಡಿಕೊಂಡ. "ಹೀರೋ ನಾನಲ್ಲ. ಒದೆಸಿಕೊಳ್ಳೋಕೆ ಕರೆದಿದ್ರು. ನನಗೆ ಗೊತ್ತಾಗ್ಲಿಲ್ಲ."

ಶಿಹಾತಾ ಕಂಟ್ರೋಲರನ್ನು ಬಿಸಿ ಕೆಂಡ ಮುಟ್ಟಿದವನ ಹಾಗೆ ಮೇಜಿನ ಮೇಲಿಟ್ಟುಬಿಟ್ಟ. ಪರದೆಯಲ್ಲಿ ಖಮ್ಸೀನ್ ಕೈ ಇಳಿಬಿಟ್ಟು ನಿಂತಿದ್ದ. ಉಳಿದ ರೌಡಿಗಳು ಅವನಿಗೆ ಗುದ್ದತೊಡಗಿದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಚೀರಿದ: "ಹೊಡಿ ಮಹ್ರೂಸಣ್ಣ! ಹಾಕು ಅವನಿಗೆ!"

ಬೆಂಕಿ ಹತ್ತಿಕೊಂಡ ಹಾಗಾಯಿತು. ಅಂಗಡಿಯೆಲ್ಲ ಕೂಗತೊಡಗಿತು. ಕಾಫಿ ಅಂಗಡಿಯ ಮುದುಕರೂ ಎದ್ದು ನಿಂತರು. "ಹೊಡಿ ಉಸ್ತಾದ್! ಮೂತಿಗೆ ಹಾಕು! ಬೆನ್ನು ಮುರಿ ಆ ಮುಖಗೇಡಿದು!" ಪ್ರತಿ ಗುದ್ದಿಗೂ ಮೇಜು ಬಡಿದರು. ಫಿಕ್ರಿಯೂ ಕೂಗಿದ, ಗಂಟಲು ಹರಿಯುವ ಹಾಗೆ ಕೂಗಿದ. ಖಮ್ಸೀನ್ ಸಾಯಲಿ. ಹಣ್ಣಿನ ಬುಟ್ಟಿ ತಂದವರೆಲ್ಲ ಸಾಯಲಿ.

ಮಹ್ರೂಸ್ ಕೂಗಲಿಲ್ಲ. ಕೈ ಎತ್ತಿ, ಸದ್ದು ಇಳಿಯುವವರೆಗೂ ಕಾದ.

"ಆ ಗುದ್ದು ನಂದಲ್ಲ," ಎಂದ. "ಸರಿಯಾಗಿ ನೋಡಿ. ಮೊಣಕೈ ಎಲ್ಲಿದೆ ಅವನದ್ದು? ಅದನ್ನ ಬೇರೆ ಯಾರೋ ಮಾಡಿದಾರೆ. ನಡಿಗೆನೂ ನಂದಲ್ಲ. ಬಿದ್ದಾಗ ಮಾತ್ರ ನಾನು." ತಮ್ಮನ ಕಡೆ ತಿರುಗಿದ. "ಹೊಡಿ ಫಿಕ್ರಿ."

"ಹೊಡೆಯಲ್ಲ."

"ನಾನು ಅದರಲ್ಲಿದೀನಿ ಅಂತ ಇಷ್ಟು ಜನರ ಮುಂದೆ ಹೇಳಿದೀನಿ. ತೋರಿಸು."

"ನಿನ್ನ ಮೇಲೆ ಕೈ ಎತ್ತು ಅಂತೀಯಾ?"

"ಗುಂಡಿ ಒತ್ತು ಅಂತಿದೀನಿ."

"ಬೆಳಿಗ್ಗೆ ಹೊಡೆದೆ ಅಣ್ಣ!" ಫಿಕ್ರಿಯ ದನಿ ಒಡೆಯಿತು. "ಗೊತ್ತಿಲ್ಲದೆ ಹೊಡೆದೆ, ಗೊತ್ತಾದ ಮೇಲೂ ಖಾತ್ರಿ ಮಾಡ್ಕೊಳ್ಳೋಕೆ ಹೊಡೆದೆ. ಇನ್ನು ಆಗಲ್ಲ. ಈ ಡಿಸ್ಕನ್ನ ಪುಡಿ ಮಾಡ್ತೀನಿ. ಆ ಕಂಪನಿ ಬಾಗಿಲಿಗೆ ಹೋಗಿ ಅವರ ಬಾಯಿಗೆ ತುರುಕ್ತೀನಿ."

"ಆಮೇಲೆ ತುರುಕು. ಈಗ ಅದನ್ನ ಇಲ್ಲಿ ಕೊಡು."

ಮಹ್ರೂಸ್ ಮೇಜಿನ ಮೇಲಿದ್ದ ಕಂಟ್ರೋಲರನ್ನು ತಾನೇ ಎತ್ತಿಕೊಂಡ. ಅವನು ಅದನ್ನು ಹಿಡಿದವನೇ ಅಲ್ಲ, ತಲೆಕೆಳಗಾಗಿ ಹಿಡಿದಿದ್ದ. ಶಿಹಾತಾ ಬಗ್ಗಿ ತಿರುಗಿಸಿ ಕೊಟ್ಟು, ಅವನ ದಪ್ಪ ಹೆಬ್ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟ. "ಇದು, ಈ ಚೌಕದ್ದು. ಹತ್ತಿರ ಬಂದಾಗ ಒತ್ತು."

ಮಹ್ರೂಸ್ ಒತ್ತಿದ. ಗಡ್ಡದ ರೌಡಿ ಉರುಳಿದ.

"ಇದು ಮೊದಲನೆ ದಿನದ್ದು," ಎಂದ. "ಮೈ ಹಗುರ ಇತ್ತು, ನೋಡಿ."

ಮತ್ತೆ ಒತ್ತಿದ. "ಇದು ಊಟ ಆದ್ಮೇಲಿಂದು. ಫೂಲ್ ಕಾಳು ಜಾಸ್ತಿ ತಿಂದುಬಿಟ್ಟಿದ್ದೆ. ಕೈ ತಡ ಆಯ್ತು, ಬೆನ್ನಿಗೆ ತಗುಲ್ತು. ಅಲ್ಲಿದ್ದವರೆಲ್ಲ ನಕ್ಕಿದ್ರು." ಮುದುಕರು ಕುರ್ಚಿ ಹತ್ತಿರಕ್ಕೆಳೆದುಕೊಂಡರು. ಯಾರೂ ಈಗ ಖಮ್ಸೀನನನ್ನು ನೋಡುತ್ತಿರಲಿಲ್ಲ, ಬೀಳುವವರನ್ನು ನೋಡುತ್ತಿದ್ದರು. ಒಂದು ಒಳ್ಳೆಯ ಬೀಳುವಿಕೆ ಬಂದಾಗ ಶಿಹಾತಾ ನಾಲಿಗೆ ಲೊಚಗುಟ್ಟಿ "ಅಲ್ಲಾಹ್!" ಎಂದ, ಹಾಡುಗಾರ್ತಿಯ ಆಲಾಪಕ್ಕೆ ಅನ್ನುವ ಹಾಗೆ.

ಆಮೇಲೆ ಮಹ್ರೂಸ್ ಹೊಡೆಯುವುದನ್ನು ನಿಲ್ಲಿಸಿದ. ಕೆಳಗೆ ಬಿದ್ದ ಒಬ್ಬನನ್ನೇ ನೋಡುತ್ತ ಕಾದ. ಬಿದ್ದವನು ಒಂದು ಗಳಿಗೆ ಅಲ್ಲೇ ಇದ್ದ. ಆಮೇಲೆ ಕೈಕಾಲು ಕರಗಿದವು, ಜಾಕೆಟ್ಟು ಕರಗಿತು, ಧೂಳಾಗಿ ಹೋದ. ಮಹ್ರೂಸ್ ಇನ್ನೊಬ್ಬನನ್ನು ಹೊಡೆದು ಕಾದ. ಅವನೂ ಧೂಳಾದ.

"ಏಳಲ್ವಾ ಇವರು?" ಎಂದು ಕೇಳಿದ.

"ಇಲ್ಲ ಅಣ್ಣ," ಎಂದ ಫಿಕ್ರಿ. "ಸತ್ತವರು ಮಾಯ ಆಗ್ತಾರೆ. ಎಲ್ಲ ಗೇಮಲ್ಲೂ ಹಂಗೇ."

"ನಾನು ಏಳ್ತಿದ್ದೆ." ಮಹ್ರೂಸ್ ಇನ್ನೂ ಪರದೆಯನ್ನೇ ನೋಡುತ್ತಿದ್ದ. "ಪ್ರತಿ ಸಲ ಎದ್ದಿದೀನಿ. ಕ್ಯಾಮೆರಾ ಇನ್ನೂ ಓಡ್ತಿತ್ತು. ಬಿದ್ದು, ಉರುಳಿ, ಒಂದು ಕೈ ಊರಿ ಎದ್ದು ನಿಲ್ತಿದ್ದೆ. ಏಳೋದೇ ಕಷ್ಟ, ಬೀಳೋದಲ್ಲ. ಅದನ್ನ ಇವರು ಇಟ್ಟೇ ಇಲ್ಲ."

ಶಿಹಾತಾ ಹೆಗಲ ಮೇಲಿನ ಟವಲನ್ನು ಸುಮ್ಮನೆ ಹಿಂಡಿದ.

ಮಹ್ರೂಸ್ ಕಂಟ್ರೋಲರನ್ನು ಮೇಜಿನ ಮೇಲಿಟ್ಟ. ಕುರ್ಚಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದ. ಊರುಗೋಲು ಕೊಡಲೆಂದು ಫಿಕ್ರಿ ಬಗ್ಗಿದ. ಶಿಹಾತಾ ಅವನ ಕಂಕುಳಿಗೆ ಕೈ ಕೊಡಲು ಬಂದ.

"ಮುಟ್ಟಬೇಡಿ," ಎಂದ ಮಹ್ರೂಸ್. "ಯಾರೂ ಮುಟ್ಟಬೇಡಿ."

ಇಬ್ಬರೂ ಹಿಂದೆ ಸರಿದರು.

ಮೊದಲು ಅವನ ತೋಳು ನಡುಗಿತು. ಸೊಂಟ ಕುರ್ಚಿಯಿಂದ ಮೇಲೆದ್ದಿತು, ಅಲ್ಲೇ ನಿಂತಿತು, ಮತ್ತೆ ಕುಸಿಯಿತು. ಹಣೆಯ ನರ ಉಬ್ಬಿತು. ಎರಡನೆಯ ಸಲ ಬಲ ಅಂಗೈಯನ್ನು ಮೇಜಿಗೂರಿದ, ಎಡ ಮೊಣಕಾಲು ಒಳಕ್ಕೆ ತಿರುಗಿತು. ಮೇಜು ಅಲ್ಲಾಡದ ಹಾಗೆ ಇಬ್ಬರು ಹುಡುಗರು ಅದನ್ನು ಒತ್ತಿ ಹಿಡಿದರು. ಫಿಕ್ರಿ ತನ್ನ ಕೈಗಳನ್ನು ಬೆನ್ನ ಹಿಂದೆ ಒಂದನ್ನೊಂದು ಬಿಗಿಹಿಡಿದುಕೊಂಡು ನಿಂತ. ಬಿಟ್ಟರೆ ಅವು ತಾವಾಗಿಯೇ ಅಣ್ಣನ ಕಡೆ ಹೋಗಿಬಿಡುತ್ತಿದ್ದವು.

ಪರದೆಯಲ್ಲಿ ರೌಡಿಗಳು ಸುಮ್ಮನೆ ನಿಂತ ಖಮ್ಸೀನನನ್ನು ಬಡಿದು ಕೊಂದರು. ಮತ್ತೆ ಆಡುತ್ತೀರಾ ಎಂದು ಗೇಮ್ ಕೇಳಿತು. ಆ ಕಡೆ ಯಾರೂ ತಿರುಗಲಿಲ್ಲ. ಮಹ್ರೂಸ್ ಅರ್ಧ ಎದ್ದಿದ್ದ. ಇನ್ನರ್ಧ ಬಾಕಿಯಿತ್ತು. ಅಂಗಡಿಯೊಳಗೆ ಎಲ್ಲರೂ ಅವನ ಅಂಗೈಯನ್ನೇ ನೋಡುತ್ತ ಕಾದರು.